ಫೋಟೊ ಅಕ್ಕನ ಮುಖ

ನಮ್ಮ ಬೀದಿಯಲ್ಲಿ ಮೊಡವೆ ಇದ್ದವರು, ಕಲೆ ಇದ್ದವರು, ಕಣ್ಣಿನ ಕೆಳಗೆ ಕಪ್ಪು ಕಟ್ಟಿದವರು ಒಬ್ಬರೂ ಇರಲಿಲ್ಲ. ಕಾಗದದ ಮೇಲೆ ಇರಲಿಲ್ಲ ಎಂದು ಹೇಳಬೇಕು. ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಫೋಟೊ ಸ್ಟುಡಿಯೋ. ಅದರ ಯಜಮಾನ ಗಿರಾಕಿಗಳ ಮುಖವನ್ನೆಲ್ಲ ಕಂಪ್ಯೂಟರಿನಲ್ಲಿ ತಿಕ್ಕಿ, ತೊಳೆದು, ಒರೆಸಿ ಕೊಡುತ್ತಿದ್ದ. ಬೀದಿಯವರು ಅವನಿಗೆ ಪಾಲಿಷ್ ಅಣ್ಣ ಎಂದು ಹೆಸರಿಟ್ಟಿದ್ದರು. ಗುರುತಿನ ಚೀಟಿಯ ಫೋಟೊವನ್ನು ಹಾಗೆಲ್ಲ ತಿದ್ದಬಾರದಂತೆ. ಆದರೆ ನನ್ನ ಮುಖ ಇದ್ದ ಹಾಗೇ ಇರಲಿ ಎಂದು ಕೇಳುವ ಹುಚ್ಚರು ಯಾರಿದ್ದಾರೆ? ತಿದ್ದದ ಫೋಟೊ ಒಂದೂ ಆ ಬಾಗಿಲು ದಾಟುತ್ತಿರಲಿಲ್ಲ. ಅದು ಅವನ ಹೆಮ್ಮೆ.

ಇದು ಅವನ ಕಥೆಯಲ್ಲ, ಅವನ ಹೆಂಡತಿಯದು. ಫೋಟೊ ತೆಗೆಯುತ್ತಿದ್ದವಳು ಅವಳು. ಅವನಿಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ ಎಂದಲ್ಲ. ಅವನು ಹಿಡಿದರೆ ಎದುರಿಗೆ ಕೂತವರು ಪೊಲೀಸರ ಮುಂದೆ ಕೂತವರಂತೆ ಬಿಗಿದುಕೊಳ್ಳುತ್ತಿದ್ದರು. ಇವಳು ಹಾಗಲ್ಲ. ಗಿರಾಕಿಯ ಗದ್ದ ಹಿಡಿದು ಇಷ್ಟೇ ಇಷ್ಟು ತಿರುಗಿಸುವಳು, ಕಾಲರ್ ಸರಿಮಾಡುವಳು, ಅಷ್ಟರಲ್ಲಿ ಒಂದು ಚೇಷ್ಟೆಯ ಮಾತು ಆಡಿಬಿಡುವಳು. ಹಲ್ಲಿಲ್ಲದ ಮುದುಕರಿಗೆ ಹಲ್ಲು ಬಿಟ್ಟು ನಗಬೇಡಿ ಎನ್ನುವಳು. ಅವರು ನಕ್ಕು ಮುಗಿಸಿ ಉಸಿರು ಬಿಡುವ ಹೊತ್ತಿಗೆ ಫೋಟೊ ಆಗಿಹೋಗಿರುತ್ತಿತ್ತು. ಬೀದಿಗೆಲ್ಲ ಫೋಟೊ ಅಕ್ಕ. ನನಗಿಂತ ಚಿಕ್ಕವಳು, ಆದರೂ ನಾನೂ ಹಾಗೇ ಕರೆಯುತ್ತಿದ್ದೆ. ನನಗೆ ಅವಳು ಅಚ್ಚುಮೆಚ್ಚು, ಅದನ್ನು ಮುಚ್ಚಿಟ್ಟು ಕಥೆ ಹೇಳುವ ಸಮತೂಕ ನನ್ನಲ್ಲಿಲ್ಲ.

ನಮ್ಮ ಎರಡು ಅಂಗಡಿಗಳ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಅವರ ಮನೆಯೂ ಸ್ಟುಡಿಯೋದ ಹಿಂದೆಯೇ. ನಾನು ಮಿಷನ್ ನಿಲ್ಲಿಸಿದರೆ ಆ ಕಡೆಯ ಪಿಸುಮಾತೂ ಈ ಕಡೆ ಬರುತ್ತಿತ್ತು. ಹಾಗಾಗಿ ಮುಂದೆ ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಕೇಳಿದ್ದು. ಕದ್ದು ಕೇಳಿದ್ದೇ ಎಂದರೆ, ಹೌದು, ಕೆಲವು ಸಲ ಬೇಕಂತಲೇ ಮಿಷನ್ ನಿಲ್ಲಿಸಿದ್ದೇನೆ.

ಸ್ಟುಡಿಯೋಗೆ ಒಳ್ಳೆಯ ಸಂಪಾದನೆ ಬರುತ್ತಿದ್ದದ್ದು ಶಾಲೆಗಳ ಗ್ರೂಪ್ ಫೋಟೊದಿಂದ. ವರ್ಷದ ಒಂದು ಹೊತ್ತಿನಲ್ಲಿ ಅವಳು ಶಾಲೆಯಿಂದ ಶಾಲೆಗೆ ಓಡಾಡುವಳು. ಮಕ್ಕಳನ್ನು ಬಯಲಿನಲ್ಲಿ ಸಾಲು ಸಾಲು ನಿಲ್ಲಿಸಿ, ತಾನು ಸ್ಟೂಲಿನ ಮೇಲೆ ಹತ್ತಿ, ನೆತ್ತಿ ಸುಡುವ ಬಿಸಿಲಿನಲ್ಲಿ ಒಂದಾದ ಮೇಲೊಂದು ತರಗತಿ. ಆ ವರ್ಷ ಶಾಲೆಗಳ ಕೆಲಸ ಮುಗಿಸಿ ಬಂದ ಮಾರನೆಯ ದಿನ ಅವಳ ಎರಡೂ ಕೆನ್ನೆ ಕೆಂಪಗೆ ಊದಿದ್ದವು. ಕೆಂಪು ಎಂದರೆ ಬೀಟ್‌ರೂಟ್ ಹಚ್ಚಿದ ಹಾಗಿನ ಕಪ್ಪುಗೆಂಪು. ಮೂಗಿನ ಮೇಲಿಂದ ಹಾದು ಎರಡೂ ಕಡೆ ಸಮನಾಗಿ ಹರಡಿತ್ತು. ಮೂಗಿನ ಪಕ್ಕದಿಂದ ಬಾಯಿಯ ಕೊನೆಗೆ ಇಳಿಯುವ ಗೆರೆಯ ಒಳಗೆ ಮಾತ್ರ ಏನೂ ಇಲ್ಲ. ಯಾರೋ ಅಳತೆ ಇಟ್ಟು ಕತ್ತರಿಸಿ ಅಂಟಿಸಿದ ಹಾಗಿತ್ತು. ಬೆಂಕಿಯ ಎದುರು ಕೂತ ಹಾಗೆ ಉರಿಯುತ್ತದೆ ಎಂದಳು.

ಬೀದಿಗೆ ಇಷ್ಟು ಸಿಕ್ಕರೆ ಸಾಕಲ್ಲ. ಪಾಲಿಷ್ ಅಣ್ಣ ಕೈ ಮಾಡಿದ್ದಾನೆ ಎಂದು ಒಬ್ಬರು, ಮುಖಕ್ಕೆ ಏನೋ ಕ್ರೀಮು ಹಚ್ಚಿ ಬೆಳ್ಳಗಾಗಲು ಹೋಗಿ ಸುಟ್ಟುಕೊಂಡಿದ್ದಾಳೆ ಎಂದು ಇನ್ನೊಬ್ಬರು. ಆಡುವವರ ಬಾಯಿಗೆ ಹೊಲಿಗೆ ಹಾಕಲು ನನ್ನ ಹತ್ತಿರ ಅಷ್ಟು ದಾರವಿಲ್ಲ. ಬೀದಿ ಕೊನೆಯ ಡಾಕ್ಟರು ಕುರ್ಚಿಯಿಂದ ಏಳದೆ ನೋಡಿ ಹುಳುಕಡ್ಡಿ ಎಂದು ಮುಲಾಮು ಬರೆದುಕೊಟ್ಟರು. ಹಚ್ಚಿದಾಗ ಇಳಿಯಿತು, ಬಿಟ್ಟಾಗ ಬಂತು. ಹಚ್ಚಿದಳು, ಇಳಿಯಿತು. ಬಿಸಿಲಿಗೆ ಹೋದಳು, ಬಂತು.

ಆಮೇಲೆ ಬೆರಳಿನ ಗೆಣ್ಣು ಹಿಡಿದುಕೊಳ್ಳತೊಡಗಿತು. ಬೆಳಗ್ಗೆ ಎದ್ದರೆ ಮುಷ್ಟಿ ಮಡಿಸಲು ಆಗುತ್ತಿರಲಿಲ್ಲ. ತಣ್ಣೀರಿನಲ್ಲಿ ಕೈ ಇಟ್ಟರೆ ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗಿ, ಆಮೇಲೆ ನೀಲಿಗಟ್ಟುತ್ತಿತ್ತು. ಮಧ್ಯಾಹ್ನವಾದರೆ ಸೊಂಟ ಮುರಿದವಳಂತೆ ಕೂತುಬಿಡುತ್ತಿದ್ದಳು. ಅವಳ ಅತ್ತೆಗೆ ಇದೆಲ್ಲ ಸೋಮಾರಿತನ. ಸೊಸೆಯ ಕಾಯಿಲೆ ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಬರುತ್ತದೆ, ಗಿರಾಕಿ ಬಂದರೆ ಹೋಗುತ್ತದೆ ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಹಿರಿಯರು, ಬಹುವಚನ ಬಿಡಲಾರೆ. ಆದರೆ ಆ ಹೆಂಗಸಿನ ನಾಲಿಗೆ ನನ್ನ ಕತ್ತರಿಗಿಂತ ಹರಿತವಾಗಿತ್ತು.

ಕೊನೆಗೆ ನಾನೇ ಬಲವಂತ ಮಾಡಿ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಚರ್ಮದ ಡಾಕ್ಟರು ಅಲ್ಲಿಗೆ ವಾರಕ್ಕೊಮ್ಮೆ ಬರುವವರು. ಅವಳ ಸರದಿ ಬಂದ ದಿನ ನೋಡಿ, ಹಿಂದಿನ ವಾರವೆಲ್ಲ ಮೋಡ. ಕೆನ್ನೆ ತಿಳಿಯಾಗಿತ್ತು. ಹೋಗಿ ಕೂತು, ಹೀಗಾಗುತ್ತಿತ್ತು, ಹಾಗಾಗುತ್ತಿತ್ತು ಎಂದು ಕೈ ಬಾಯಿ ಆಡಿಸಿ ವಿವರಿಸಿದಳಂತೆ. ಡಾಕ್ಟರು, ಇಲ್ಲದ್ದನ್ನು ನಾನು ಹೇಗೆ ನೋಡಲಿ, ಮುಂದಿನ ಸಲ ಜಾಸ್ತಿ ಆದಾಗ ಒಂದು ಫೋಟೊ ತೆಗೆಸಿಕೊಂಡು ಬನ್ನಿ ಎಂದರಂತೆ. ಆಗಿನ್ನೂ ಎಲ್ಲರ ಕೈಯಲ್ಲಿ ಕ್ಯಾಮೆರಾ ಇರುವ ಫೋನು ಬಂದಿರಲಿಲ್ಲ. ಅವಳು ನಗುತ್ತ ವಾಪಸು ಬಂದಳು. ಫೋಟೊ ಬೇಕಂತೆ ಅಕ್ಕ, ಕೇಳಿದ್ದು ಯಾರನ್ನು ನೋಡಿ ಎಂದಳು. ಅಷ್ಟು ಸುಲಭದ ಕೆಲಸವನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ.

ಮತ್ತೆ ಒಂದು ಶಾಲೆಯ ಕರೆ ಬಂತು. ಬಿಸಿಲಿಗೆ ಹೋದರೆ ಬರುತ್ತದೆ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಬರಲಿ ಎಂದೇ ಹೋದಳು. ಬಂತು. ಈ ಸಲ ಕೆನ್ನೆಯ ಜೊತೆ ನೆತ್ತಿಯಲ್ಲೂ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ, ಮೇಲೆ ಒರಟು ಹೊಪ್ಪಳೆ, ಅಲ್ಲಿ ಕೂದಲಿಲ್ಲ. ಅವಳು ಬಿಳಿ ಪರದೆ ಕಟ್ಟಿ, ದೀಪಗಳನ್ನು ಎರಡೂ ಕಡೆ ಸಮಾ ಇಟ್ಟು, ಟೈಮರ್ ಹಾಕಿ, ತಾನೇ ಹೋಗಿ ಸ್ಟೂಲಿನ ಮೇಲೆ ಕೂತಳು. ಎದುರಿನಿಂದ ಒಂದು, ಎಡಗಡೆಯಿಂದ, ಬಲಗಡೆಯಿಂದ, ಕೂದಲು ಬಗೆದು ನೆತ್ತಿಯದೊಂದು. ನಾನು ಅಲ್ಲೇ ಇದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ತೃಪ್ತಿಯಾಗಿ ತಲೆಯಾಡಿಸಿದಳು. ಅಷ್ಟು ಅಸಹ್ಯವಾದ ಫೋಟೊವನ್ನು ಅಷ್ಟು ಚೆನ್ನಾಗಿ ಯಾರೂ ತೆಗೆದಿರಲಾರರು.

ಆ ರಾತ್ರಿ ಅವಳಿಗೆ ಜ್ವರ. ಪ್ರಿಂಟ್ ಹಾಕುವ ಕೆಲಸ ಹೇಗೂ ಗಂಡನದೇ. ಬಣ್ಣ ಒಂದಿಷ್ಟೂ ಬದಲಾಗಬಾರದು, ಇದ್ದದ್ದು ಇದ್ದ ಹಾಗೆ ಹಾಕಿ ಎಂದು ಅವಳು ಹೇಳಿದ್ದು, ಅವನು ಹೂಂ ಅಂದದ್ದು ಗೋಡೆಯಾಚೆಯಿಂದ ನನಗೆ ಕೇಳಿತು. ಬೆಳಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಅವನು ಫೋಟೊಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ಹಿಂದೆ ಸ್ಟುಡಿಯೋ ಮುದ್ರೆ ಒತ್ತಿ ಜೇಬಿಗಿಟ್ಟುಕೊಂಡ. ಇಬ್ಬರೂ ಹೋದರು.

ಡಾಕ್ಟರ ಎದುರಿಗೆ ಲಕೋಟೆ ಒಡೆದವಳು ಅವಳೇ. ಒಳಗಿದ್ದ ಹೆಂಗಸಿನ ಕೆನ್ನೆ ಮೇಣದ ಹಾಗೆ ನುಣ್ಣಗಿತ್ತು. ಕೆಂಪಿಲ್ಲ, ಊತವಿಲ್ಲ, ಹದಿನಾರರ ಹುಡುಗಿಗೂ ಇರದ ಚರ್ಮ. ನೆತ್ತಿಯ ಬಿಲ್ಲೆಯ ಮೇಲೆ ಅವನು ಒಂದೊಂದೇ ಎಳೆಯಾಗಿ ಕೂದಲು ಕೂರಿಸಿದ್ದ. ಆ ಕೆಲಸಕ್ಕೆ ಎಷ್ಟು ಹೊತ್ತು ಕೂತಿದ್ದನೋ ಪುಣ್ಯಾತ್ಮ.

ಫೋಟೊ ಬಿಡಿ, ನನ್ನ ಮುಖವನ್ನೇ ನೋಡಿ ಎನ್ನೋಣವೆಂದರೆ, ಹಿಂದಿನ ರಾತ್ರಿ ಉರಿ ತಾಳಲಾರದೆ ಅದೇ ಹಳೆಯ ಮುಲಾಮು ಮೆತ್ತಿಕೊಂಡಿದ್ದಳು, ಅರ್ಧ ಇಳಿದುಹೋಗಿತ್ತು. ತಲೆ ಬಗ್ಗಿಸಿ ನೆತ್ತಿಯ ಬಿಲ್ಲೆ ತೋರಿಸಿದಳು. ಹೊರಗೆ ರೋಗಿಗಳ ಸಾಲು ಬಾಗಿಲಿನವರೆಗೆ ನಿಂತಿತ್ತು. ಡಾಕ್ಟರು ಹೊಟ್ಟು ಎಂದರು. ಫೋಟೊ ತುಂಬ ಚೆನ್ನಾಗಿ ಬಂದಿದೆ ಎಂದೂ ಅಂದರು. ಆಗ ಅವಳ ಬಾಯಿ ತಪ್ಪಿತು.

"ಇದು ನನ್ನ ಮುಖ ಅಲ್ಲ ಸಾರ್" ಎಂದಳಂತೆ.

ಡಾಕ್ಟರು ಗಂಡನ ಕಡೆ ತಿರುಗಿದರು. ಅಲ್ಲಿ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ತಿದ್ದಿದ್ದೇನೆ ಎಂಬ ಒಂದೇ ಮಾತು. ಅವನು ಹೇಳಿದ್ದು ಬೇರೆ: "ಇತ್ತೀಚೆಗೆ ಸ್ವಲ್ಪ ಮನಸ್ಸಿಗೆ ಹಚ್ಕೊಂಡಿದ್ದಾಳೆ ಸಾರ್. ನಿದ್ದೆ ಮಾಡಲ್ಲ."

ನಿದ್ದೆಯ ಮಾತ್ರೆ ಬರೆಸಿಕೊಂಡು ಬಂದರು. ಮನೆಗೆ ಬಂದ ಮೇಲೆ ಕೇಳಿದಳು. ನಾನು ಮಿಷನ್ ನಿಲ್ಲಿಸಿದೆ.

"ಯಾಕೆ ಹಾಗೆ ಮಾಡಿದ್ರಿ?"

"ಬೇಕು ಅಂತ ಮಾಡಿದ್ದಲ್ಲ ಕಣೆ. ಅಭ್ಯಾಸ, ಕೈ ತಾನಾಗೇ ಹೋಯ್ತು. ಹಿಂದೆ ನಮ್ಮ ಸ್ಟುಡಿಯೋ ಸೀಲ್ ಇರತ್ತೆ. ಆ ಮುಖ ಹೊರಗಡೆ ಹೋದ್ರೆ ನಮ್ಮಲ್ಲಿಗೆ ಯಾರು ಬರ್ತಾರೆ?"

ಅವನು ರಾಕ್ಷಸನಾಗಿದ್ದರೆ ನನಗೆ ಈ ಕಥೆ ಹೇಳಲು ಸಲೀಸಾಗುತ್ತಿತ್ತು. ಅವನು ಹೆಂಡತಿಗೆ ಹೊಡೆದವನಲ್ಲ, ಕುಡಿದವನಲ್ಲ. ನನ್ನ ಹತ್ತಿರ ಎರಡು ಸಲ ಅತ್ತಿದ್ದಾನೆ. ಅತ್ತು ಎದ್ದು ಹೋಗಿ ಯಾರದೋ ಮೂಗಿನ ಮೇಲಿನ ಮಚ್ಚೆ ಅಳಿಸುತ್ತ ಕೂತಿದ್ದಾನೆ. ಅಂಥ ಕಣ್ಣೀರು ಕಂಡರೆ ನನಗೆ ಮೈ ಉರಿಯುತ್ತದೆ.

ಆಮೇಲಿನ ತಿಂಗಳುಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಧಾನವಾಗಿ ಹೇಳಲು ನನಗೇ ಆಗುವುದಿಲ್ಲ. ಮನಸ್ಸಿನ ಕಾಯಿಲೆ ಎಂದು ಡಾಕ್ಟರೇ ಹೇಳಿದ್ದಾರೆ ಎಂಬ ಮಾತು ಅತ್ತೆಯ ಬಾಯಿಂದ ಬೀದಿ ಸುತ್ತಿ ಬಂತು. ಬಿದ್ದವರಿಗೆ ಆಳಿಗೊಂದು ಕಲ್ಲು. ಮೈಕೈ ನೋವು ಎಂದರೆ ನಿದ್ದೆಯ ಮಾತ್ರೆ ತಗೊಂಡು ಮಲಗು ಎನ್ನುತ್ತಿದ್ದರು. ಶಾಲೆಗಳ ಕೆಲಸಕ್ಕೆ ಮಾತ್ರ ಎಬ್ಬಿಸಿ ಕಳಿಸುತ್ತಿದ್ದರು. ಒಂದೊಂದು ಬಿಸಿಲಿಗೂ ಅವಳ ಮುಖ ಒಂದೊಂದು ಕಂತು ಕೊಟ್ಟಿತು. ಮೊದಲು ಬಂದು ಹೋಗುತ್ತಿದ್ದ ಕೆಂಪು ಈಗ ಬಂದು ಕೂತಿತು. ಕೆನ್ನೆಯ ಮೇಲೆ, ಕಿವಿಯ ಬಟ್ಟಲಿನಲ್ಲಿ, ನೆತ್ತಿಯಲ್ಲಿ ದುಂಡು ದುಂಡಾದ ಬಿಲ್ಲೆಗಳು. ಅಂಚು ಕಪ್ಪು, ನಡುವೆ ಬಿಳಿಚಿಕೊಂಡು ತಗ್ಗಾಗಿ, ಒತ್ತಿದರೆ ಹಳೆಯ ಚರ್ಮದ ಚೀಲದಂತೆ ಗಟ್ಟಿ. ಹೊಪ್ಪಳೆ ಎಬ್ಬಿಸಿದರೆ ಅದರ ಅಡಿಯಲ್ಲಿ ಸಣ್ಣ ಸಣ್ಣ ಮುಳ್ಳು. ಕೂದಲು ಬಾಚಣಿಗೆಗೆ ಬಂದು ಬಂದು ಮುಂದಲೆ ಬಯಲಾಯಿತು. ಬಾಯಿಯ ಅಂಗುಳದಲ್ಲಿ ಹುಣ್ಣು. ಅದು ನೋಯುತ್ತಲೂ ಇರಲಿಲ್ಲ. ನೋವಿದ್ದಿದ್ದರೆ ಯಾರಾದರೂ ನಂಬುತ್ತಿದ್ದರೋ ಏನೋ.

ಅತ್ತೆ ಅವಳ ಲೋಟ ತಟ್ಟೆ ಬೇರೆ ಮಾಡಿದರು. ಟವೆಲ್ಲು ಬೇರೆ ಗೂಟಕ್ಕೆ ಹೋಯಿತು. ಅವಳು ಕೂತ ಕುರ್ಚಿಯನ್ನು ಒರೆಸಿ ಕೂರುವ ಅಭ್ಯಾಸ ಹಚ್ಚಿಕೊಂಡರು. ಮನಸ್ಸಿನ ಕಾಯಿಲೆ ಟವೆಲ್ಲಿನಿಂದ ಹೇಗೆ ಅಂಟುತ್ತದೆ ಎಂದು ನಾನು ಒಮ್ಮೆ ಕೇಳಿದೆ. ನಿನ್ನ ಅಂಗಡಿ ನೀನು ನೋಡಿಕೋ ಎಂದರು. ಗಿರಾಕಿಗಳೂ ಕಡಿಮೆಯಾದರು. ಬಂದವರು ಗದ್ದ ಮುಟ್ಟಿಸಿಕೊಳ್ಳಲು ಹಿಂಜರಿಯುತ್ತಿದ್ದರು. ಆಗ ಅವಳು ಕೈ ಹಿಂದಕ್ಕೆ ಕಟ್ಟಿ, ಬಾಯಲ್ಲೇ ಹೇಳಿ ಕೂರಿಸುವುದು ಕಲಿತಳು. ಚೇಷ್ಟೆ ಬಿಟ್ಟಿರಲಿಲ್ಲ. ನನ್ನ ಮುಖ ನೋಡಿದ ಮೇಲೆ ನಿಮ್ಮ ಮುಖ ನಿಮಗೆ ಎಷ್ಟು ಚೆನ್ನಾಗಿ ಕಾಣತ್ತೆ ನೋಡಿ ಎನ್ನುವಳು. ಯಾರೂ ನಗುತ್ತಿರಲಿಲ್ಲ. ಅವಳೊಬ್ಬಳೇ ನಗುತ್ತಿದ್ದಳು.

ಒಂದು ಶಾಲೆಯ ಬಯಲಿನಲ್ಲಿ ಸ್ಟೂಲಿನಿಂದ ಕುಸಿದು ಬಿದ್ದಳು. ಗಂಡನಿಗೆ ಸುದ್ದಿ ಹೋಗುವ ಮೊದಲೇ ಅಲ್ಲಿಯ ಟೀಚರೊಬ್ಬರು ನನ್ನ ಅಂಗಡಿಗೆ ಹೇಳಿ ಕಳಿಸಿದರು. ನಾನು ಗಾಡಿ ಮಾಡಿಕೊಂಡು ಹೋಗಿ, ಮನೆಗೆ ಕರೆತರದೆ, ಇದ್ದ ಮುಖದಲ್ಲೇ ನೇರ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಮುಲಾಮು ಹಚ್ಚಲು ಬಿಡಲಿಲ್ಲ. ಕೇಳಿದಳು, ಬೈದೆ.

ಈ ಸಲ ಇದ್ದದ್ದು ಬೇರೆ ಡಾಕ್ಟರು, ನಡುವಯಸ್ಸಿನ ಹೆಂಗಸು. ಆಕೆ ಕುರ್ಚಿಯಿಂದ ಎದ್ದು ಬಂದು ಎರಡೂ ಕೆನ್ನೆಯನ್ನು ಬರಿಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಎಷ್ಟು ಕಾಲವಾಗಿತ್ತೋ ಆ ಮುಖವನ್ನು ಯಾರಾದರೂ ಮುಟ್ಟಿ. ಫೋಟೊ ಅಕ್ಕ ಗಳಗಳ ಅತ್ತುಬಿಟ್ಟಳು. ಅವಳಿಗೆ ನೋವಾಯಿತೇನೋ ಎಂದು ಡಾಕ್ಟರಿಗೆ ಗಾಬರಿ. ಬಾಯಿ ನೋಡಿದರು, ಬೆರಳು ನೋಡಿದರು, ಕಿವಿಯ ಹಿಂದಿನಿಂದ ಕಡಲೆಯ ಸಿಪ್ಪೆಯಷ್ಟು ಚರ್ಮ ತೆಗೆದರು, ರಕ್ತ ತಗೊಂಡರು, ಮೂತ್ರಪಿಂಡಕ್ಕೂ ಇಳಿದಿದೆಯೇ ನೋಡಬೇಕು ಎಂದರು.

ವರದಿ ಕೇಳಲು ಹೋದಾಗ ಗಂಡನೂ ಬಂದ. ಕಾಯಿಲೆಯ ಹೆಸರು ಲೂಪಸ್. ಮೈಯನ್ನು ಕಾಯಬೇಕಾದ ಕಾವಲುಗಾರನೇ ತಲೆಕೆಟ್ಟು ಮನೆಯವರನ್ನು ಬಡಿಯುವ ಕಾಯಿಲೆ ಎಂದು ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು. ಚರ್ಮದ ಮೇಲೆ ಬಿಸಿಲು ಬಿದ್ದರೆ ಅವನಿಗೆ ಹುಚ್ಚು ಕೆರಳುತ್ತದೆ. ಇದು ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಪುಣ್ಯಕ್ಕೆ ಮೂತ್ರಪಿಂಡ ಉಳಿದಿದೆ. ಮಾತ್ರೆ ತಪ್ಪಿಸಬಾರದು, ಆಗಾಗ ಕಣ್ಣು ತೋರಿಸಬೇಕು, ಬಿಸಿಲಿಗೆ ಬರಬಾರದು. ಅವಳು ಕೇಳಿದ್ದು ಒಂದೇ: ಈ ಬಿಲ್ಲೆಗಳು ಹೋಗುತ್ತವೆಯೇ?

"ಕೆಂಪು ಇರೋದು ಇಳಿಯತ್ತೆ. ತಗ್ಗಾಗಿ ಬಿಳಿಚಿರೋದು ಹೋಗಲ್ಲಮ್ಮ, ಅಲ್ಲಿ ಕೂದಲೂ ಬರಲ್ಲ. ಬರೀ ಕೆಂಪಿದ್ದಾಗಲೇ ಬಂದು ತೋರಿಸಿದ್ರೆ ಅಲ್ಲಿಗೇ ನಿಲ್ಲಿಸಬಹುದಿತ್ತು."

ಬಂದಿದ್ದೆವು ಎಂದು ಅವಳು ಹೇಳಲಿಲ್ಲ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತ ಕೂತಿದ್ದ. ನನಗೆ ಅದನ್ನು ಎತ್ತಿ ಅವನ ತಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಗಾದೆ ಇದೆಯಲ್ಲ, ಇಲ್ಲಿ ಅತ್ತೆ ಬಯಸಿದ್ದೂ ಡಾಕ್ಟರು ಹೇಳಿದ್ದೂ ಒಂದೇ ಆಯಿತು. ಡಾಕ್ಟರ ಅಷ್ಟು ಮಾತಿನಲ್ಲಿ ಆ ಮನೆಗೆ ತಲುಪಿದ್ದು ಬಿಸಿಲಿಗೆ ಬರಬಾರದು ಎಂಬುದೊಂದೇ. ಅಂಟುವುದಿಲ್ಲ ಎಂಬುದು ಬಸ್ಸಿನಲ್ಲೇ ಇಳಿದುಹೋಗಿರಬೇಕು. ಪ್ರಿಂಟ್ ಕತ್ತರಿಸುವ ಹಿಂದಿನ ಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಒಂದು ಮಂಚ, ಒಂದು ಮೇಜು ಹಾಕಿ, ಇಲ್ಲೇ ಇರು, ನಿನ್ನ ಒಳ್ಳೆಯದಕ್ಕೇ ಎಂದರು. ಅವಳಿಗಿಂತ ನಾದಿನಿಗೆ ಮೊದಲೇ ಹೇಳಿಕಳಿಸಿದ್ದರು. ಗಂಡನ ತಂಗಿ ಬಂದು ಮುಂದಿನ ಕೋಣೆಯಲ್ಲಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಳು. ತಿಳಿ ಮುಖದ, ಮಂದ ಬುದ್ಧಿಯ ಹುಡುಗಿ. ಅವಳು ತೆಗೆದ ಗ್ರೂಪ್ ಫೋಟೊದಲ್ಲಿ ಅರ್ಧ ತರಗತಿ ಕಣ್ಣು ಮುಚ್ಚಿಕೊಂಡಿತ್ತು. ಪಾಲಿಷ್ ಅಣ್ಣ ಬೇರೆ ಮಕ್ಕಳ ಕಣ್ಣು ತಂದು ಅವಕ್ಕೆ ಅಂಟಿಸಿ ಕೊಟ್ಟ.

ಹಿಂದಿನ ಕೋಣೆಯವಳು ಆ ಫೋಟೊಗಳನ್ನು ಕತ್ತರಿಸಿ ಕಟ್ಟು ಮಾಡುತ್ತಿದ್ದಳು. ದಿನ ಬಿಡದೆ ಮಾತ್ರೆ ನುಂಗಿದಳು. ಮಾತ್ರೆಯಿಂದ ಮೊದಮೊದಲು ಮುಖ ಕುಂಬಳದಂತೆ ಉಬ್ಬಿತು, ಆಮೇಲೆ ಡೋಸು ಇಳಿಸಿದ ಹಾಗೆ ಇಳಿಯಿತು. ಗೆಣ್ಣಿನ ನೋವು ಹೋಯಿತು. ಕೆಂಪು ಅಡಗಿತು. ಉಳಿದದ್ದು ಕಲೆಗಳು, ಎರಡೂ ಕೆನ್ನೆಯಲ್ಲಿ ಕಪ್ಪು ಅಂಚಿನ ಬಿಳಿ ತಗ್ಗು, ಅಂಚು ತಿಂದುಹೋದ ಒಂದು ಕಿವಿ, ಸ್ಕಾರ್ಫಿನ ಅಡಿಯಲ್ಲಿ ಬೋಳು. ಮರುವರ್ಷ ತೋರಿಸಲು ಹೋದಾಗ ಡಾಕ್ಟರು ಕಾಯಿಲೆ ಮಲಗಿದೆ ಎಂದರು. ಬಯಲಿನ ಕೆಲಸ ಬೇಡ. ಕ್ರೀಮು ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು, ಸ್ಟುಡಿಯೋದ ಒಳಗೆ ಧಾರಾಳವಾಗಿ ಕೆಲಸ ಮಾಡಬಹುದು, ಮಾಡಬೇಕು ಎಂದರು. ನಾನು ಎದುರಿಗಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ವಾಪಸು ಬರುವಾಗ ಅವಳ ಹೆಜ್ಜೆ ನೋಡಬೇಕಿತ್ತು. ನನ್ನ ಅಂಗಡಿಗೆ ಬಂದು ಬಟ್ಟೆಯ ರಾಶಿಯಲ್ಲಿ ಕೈ ಆಡಿಸಿ, ತಿಳಿನೀಲಿಯ ದಪ್ಪ ಹತ್ತಿ ಆರಿಸಿ, ಉದ್ದ ತೋಳು, ಎತ್ತರದ ಕಾಲರ್ ಇಟ್ಟು ಹೊಲಿದುಕೊಡು ಎಂದಳು. ಮತ್ತೆ ಕ್ಯಾಮೆರಾ ಹಿಡಿಯುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದ್ದಕ್ಕೆ ಅತ್ತೆ ಏನೆಂದರು ಎಂಬುದನ್ನು ಅಳತೆ ಕೊಡುತ್ತ ನಿಂತು ನನಗೆ ಹೇಳಿದಳು. ವಾಸಿಯಾಗಿದ್ದರೆ ಮುಖ ಯಾಕೆ ಹೀಗಿದೆ, ಡಾಕ್ಟರಿಗೆ ಕಣ್ಣು ಕಾಣಲ್ಲವೇ ಎಂದರಂತೆ.

"ಕಾಯಿಲೆ ಇದೆ ಅಂದಾಗ ಮುಖ ಚೆನ್ನಾಗಿದೆ ಅಂತ ನಂಬಲಿಲ್ಲ. ಈಗ ವಾಸಿಯಾಗಿದೆ ಅಂದ್ರೆ ಮುಖ ಚೆನ್ನಾಗಿಲ್ಲ ಅಂತ ನಂಬಲ್ಲ. ಏನು ಜನಾನೋ" ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಸೂಜಿ ಬಾಯಲ್ಲಿತ್ತು.

ಬಟ್ಟೆ ಸಿದ್ಧವಾದ ಬೆಳಗ್ಗೆ ಅದನ್ನು ಕೊಡಲು ನಾನೇ ಹೋದೆ. ಹಾಕಿಕೊಂಡಳು, ಸ್ಕಾರ್ಫ್ ಕಟ್ಟಿಕೊಂಡಳು. ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಬಂದು ನಾದಿನಿಯ ಕೊರಳಿನಿಂದ ಕ್ಯಾಮೆರಾ ತೆಗೆದುಕೊಂಡಳು. ಆ ಹುಡುಗಿ ಅಣ್ಣನ ಮುಖ ನೋಡಿದಳು. ಅಣ್ಣ ಕಂಪ್ಯೂಟರಿನ ಮುಖ ನೋಡಿದ. ಅತ್ತೆ ಮನೆಯಲ್ಲಿರಲಿಲ್ಲ, ಅದೂ ಲೆಕ್ಕ ಹಾಕಿಯೇ ಬಂದಿದ್ದಳೆಂದು ಕಾಣುತ್ತದೆ.

ಮೊದಲ ಗಿರಾಕಿ ಒಬ್ಬ ಹೆಂಗಸು. ಹೊಸ ಕೆಲಸಕ್ಕೆ ಗುರುತಿನ ಚೀಟಿಯ ಫೋಟೊ ಬೇಕಿತ್ತು. ನಮ್ಮ ಬೀದಿಯವಳಲ್ಲ. ಸ್ಟೂಲಿನ ಮೇಲೆ ಕೂತು, ಕೂದಲು ಸರಿಮಾಡಿಕೊಂಡು ತಲೆ ಎತ್ತಿದವಳು ಫೋಟೊ ಅಕ್ಕನನ್ನು ಕಂಡು ಹಿಂದಕ್ಕೆ ಸರಿದಳು. ಸ್ಟೂಲು ಕಿರ್ರೆಂದಿತು. ಇದೇನಿದು, ಅಂಟುತ್ತದೆಯೇ ಎಂದು ಕೇಳಿದ್ದು ಅವಳನ್ನಲ್ಲ, ಪಾಲಿಷ್ ಅಣ್ಣನನ್ನು.

ಅವನು ಎದ್ದು ನಿಂತ. ಅಂಟುವುದಿಲ್ಲ ಎಂಬ ಮಾತು ಅವನಿಗೆ ಗೊತ್ತಿತ್ತು, ಡಾಕ್ಟರ ಬಾಯಿಂದಲೇ ಕೇಳಿದ್ದ. ಅವನ ಬಾಯಿಂದ ಬಂದದ್ದು ಅದಲ್ಲ.

"ಇಲ್ಲ ಮೇಡಂ, ಅವಳು ನಮ್ಮ ಮನೆಯವಳಲ್ಲ. ಒಳಗಡೆ ಕಟಿಂಗ್ ಕೆಲಸಕ್ಕೆ ಬರ್ತಾಳೆ."

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಒಂದು ಕ್ಷಣ ಅವನ ಬೆನ್ನನ್ನು ನೋಡಿದಳು. ಆಮೇಲೆ ಏನೂ ಆಗದವಳ ಹಾಗೆ ಕ್ಯಾಮೆರಾ ಎತ್ತಿದಳು. ಅವಳ ದನಿ ಹಿಂದೆ ಇದ್ದ ಹಾಗೇ ಇತ್ತು, ಅಲುಗಲಿಲ್ಲ. ಹೆಗಲು ಸಡಿಲ ಬಿಡಿ ಎಂದಳು. ಗಿರಾಕಿ ಬಿಟ್ಟಳು. ನನ್ನ ಕಡೆ ನೋಡಿ ಎಂದಳು. ಗಿರಾಕಿಯ ಕಣ್ಣು ಕ್ಯಾಮೆರಾದವರೆಗೆ ಬಂದು, ಅದರ ಹಿಂದಿನ ಕೆನ್ನೆ ಕಂಡು, ಜಾರಿ ಗೋಡೆಗೆ ಹೋಯಿತು. ಕ್ಲಿಕ್. ಮತ್ತೆ ಹೇಳಿದಳು, ಮತ್ತೆ ಜಾರಿತು. ಆ ಹೆಂಗಸು ಕೆಟ್ಟವಳೇನಲ್ಲ, ಪ್ರಯತ್ನಪಟ್ಟಳು, ತುಟಿ ಕಚ್ಚಿ ಕೂತಳು. ಕಣ್ಣು ಮಾತು ಕೇಳಲಿಲ್ಲ. ಗುರುತಿನ ಚೀಟಿಯ ಫೋಟೊದಲ್ಲಿ ಕಣ್ಣು ನೇರ ಇರದಿದ್ದರೆ ಕಚೇರಿಯವರು ವಾಪಸು ಮಾಡುತ್ತಾರೆ.

ಫೋಟೊ ಅಕ್ಕ ಕ್ಯಾಮೆರಾ ಕೆಳಗಿಳಿಸಿ ಪುಟ್ಟ ಪರದೆಯಲ್ಲಿ ಒಂದೊಂದೇ ನೋಡಿದಳು. ಅವಳಿಗಿಂತ ಚೆನ್ನಾಗಿ ಅದನ್ನು ನೋಡಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕ್ಯಾಮೆರಾದ ಪಟ್ಟಿಯನ್ನು ಕೊರಳಿನಿಂದ ತೆಗೆದು ನಾದಿನಿಯ ಕೈಗೆ ಕೊಟ್ಟು, ನೀನೇ ತೆಗಿ ಎಂದಳು. ಹಿಂದಿನ ಕೋಣೆಗೆ ನಡೆದಳು.

ನಾನು ಅವಳ ಹಿಂದೆಯೇ ನುಗ್ಗಿದೆ. ಯಾಕೆ ಕೊಟ್ಟೆ, ಅವನ ಮುಖಕ್ಕೆ ಎಸೆಯಬೇಕಿತ್ತು, ಹೆಂಡತಿಯನ್ನು ಆಳು ಎಂದವನಿಗೆ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವಳು ಕಾಲರಿನ ಗುಂಡಿ ಬಿಚ್ಚುತ್ತಿದ್ದಳು.

"ಅವರು ಅಂದಿದ್ದಕ್ಕಲ್ಲ ಅಕ್ಕ. ಆಯಮ್ಮ ನನ್ನ ನೋಡಲಿಲ್ಲ. ನನ್ನ ನೋಡೋಕಾಗದೇ ಇರೋರ ಫೋಟೊ ನಾನು ಹೇಗೆ ತೆಗೀಲಿ?"

ಹೊರಗೆ ನಾದಿನಿ ಒಂದೇ ಸಲಕ್ಕೆ ತೆಗೆದಳು, ಫೋಟೊ ಬಹಳ ಚೆನ್ನಾಗಿ ಬಂದಿದೆ ಎಂದು ಆ ಹೆಂಗಸು ಹೇಳುತ್ತಿದ್ದಳು.